ಮೂಸಿ ನೋಡಿದರೆ ತಿಳಿಯದು

ಚಿ॥ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ರಾತ್ರಿಯೆಲ್ಲ ಹೊರಗೇ ಉಳಿದಿದ್ದ ಅನ್ನವನ್ನು ಮೂಸಿ ನೋಡಿದೆ, ಹಳಸಿರಲಿಲ್ಲ, ಹಬೆಯಾಡುವ ಹಾಗೆ ಬಿಸಿ ಮಾಡಿಯೇ ತಿಂದೆ, ಆದರೂ ಎರಡು ಗಂಟೆಯೊಳಗೆ ವಾಂತಿ ಹೇಗೆ ಬಂತು ಅಂತ ಕೇಳಿದ್ದೀಯ. ಮೂಗು, ಒಲೆ ಎರಡನ್ನೂ ನೀನು ಅತಿಯಾಗಿ ನಂಬಿದೆ, ಅದಕ್ಕೇ.

ಅಡುಗೆಗೆ ಹುಳಿ ವಾಸನೆ ಬರಿಸಿ ಲೋಳೆ ಕಟ್ಟಿಸುವ ಬ್ಯಾಕ್ಟೀರಿಯಾಗಳು ಬೇರೆ, ಹೊಟ್ಟೆ ಕೆಡಿಸುವವು ಬೇರೆ. ಈ ಎರಡನೆಯವು ರುಚಿ, ಬಣ್ಣ, ವಾಸನೆ ಯಾವುದನ್ನೂ ಮುಟ್ಟದೆ ಲಕ್ಷಗಟ್ಟಲೆ ಬೆಳೆದಿರಬಹುದು. ಹದವಾದ ಬಿಸುಪು ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಲೆಕ್ಕ ಹಾಕು: ಒಂದೇ ಒಂದು ಜೀವಿ ನಾಲ್ಕು ಗಂಟೆಗೆ 4,096, ಏಳು ಗಂಟೆಗೆ 20 ಲಕ್ಷ ದಾಟುತ್ತದೆ. ನೀನು ಮಲಗಿ ಏಳುವಷ್ಟು ಹೊತ್ತು ಸಾಕು.

ಇನ್ನು ಒಲೆ. ಅಕ್ಕಿಯಲ್ಲಿ ಸಾಮಾನ್ಯವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಸ್ಪೋರ್‌ ರೂಪದಲ್ಲಿ, ಅಂದರೆ ಗಟ್ಟಿ ಚಿಪ್ಪಿನೊಳಗೆ ಮಲಗಿದ ಹಾಗೆ, ಅನ್ನ ಬೇಯುವಾಗಲೂ ಬದುಕಿಕೊಳ್ಳುತ್ತದೆ. ಬಿಸಿ ಆರುತ್ತಾ ಬಂದಂತೆ ಚಿಪ್ಪು ಬಿಟ್ಟು ಬೆಳೆದು, ಸೆರಿಯುಲೈಡ್ ಎಂಬ ವಿಷವನ್ನು ಅನ್ನದಲ್ಲಿ ಬಿಡುತ್ತದೆ. ಬೆಳಿಗ್ಗೆ ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸತ್ತಿತು, ವಿಷ ಉಳಿಯಿತು. ಕುದಿಸುವುದಿರಲಿ, 121 ಡಿಗ್ರಿ ಸೆಲ್ಸಿಯಸ್‌ಗೂ ಅದು ಜಗ್ಗುವುದಿಲ್ಲ. ಆ ವಿಷ ಹೊಟ್ಟೆಯಿಂದ ಮೆದುಳಿಗೆ ಹೋಗುವ ವೇಗಸ್ ನರವನ್ನು ಕೆಣಕುತ್ತದೆ, ಮೆದುಳು ವಾಂತಿ ಮಾಡಿಸುತ್ತದೆ. ಬೆರಳಿನ ಕೀವುಗಾಯದಿಂದಲೋ ಮೂಗಿನಿಂದಲೋ ಅಡುಗೆಗೆ ಇಳಿಯುವ ಸ್ಟ್ಯಾಫಿಲೊಕಾಕಸ್‌ನ ಕಥೆಯೂ ಇದೇ, ಅದರ ವಿಷವೂ ಬಿಸಿಗೆ ಅಳಿಯದು. ಎರಡರಲ್ಲೂ ಅರ್ಧ ಗಂಟೆಯಿಂದ ಆರೆಂಟು ಗಂಟೆಯೊಳಗೆ ವಾಂತಿ ಶುರುವಾಗಿ, ಸಾಮಾನ್ಯವಾಗಿ ಒಂದು ದಿನದಲ್ಲಿ ತಾನೇ ನಿಲ್ಲುತ್ತದೆ. ನಿನಗಾದದ್ದು ಇಂಥದ್ದೇ ಇರಬೇಕು.

ಅದಕ್ಕೇ ಹೊಟ್ಟೆ ಕೆಟ್ಟಾಗ ಮೊದಲು ಗಡಿಯಾರ ನೋಡಬೇಕು. ಎಲ್ಲರೂ ಕೊನೆಯ ಊಟವನ್ನೇ ಬೈಯುತ್ತಾರೆ, ಎಷ್ಟೋ ಸಲ ಅದು ನಿರಪರಾಧಿ. ವಾಂತಿ, ಜ್ವರ ಇಲ್ಲದೆ ಬರೀ ಹೊಟ್ಟೆ ನುಲಿತ, ನೀರುಬೇಧಿ ಆದರೆ 6ರಿಂದ 24 ಗಂಟೆ ಹಿಂದೆ ಏನು ತಿಂದೆ ಅಂತ ನೆನಪಿಸಿಕೋ, ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಸಾಲ್ಮೊನೆಲ್ಲಾಗೆ 6 ಗಂಟೆಯಿಂದ 6 ದಿನ, ಕ್ಯಾಂಪಿಲೊಬ್ಯಾಕ್ಟರ್‌ಗೆ 2ರಿಂದ 5 ದಿನ ಹಿಡಿಯುತ್ತದೆ, ಕಾಯಿಲೆ ಕಾಣಿಸಿಕೊಳ್ಳಲು. ಇವು ಕರುಳಿನ ಗೋಡೆಗೇ ನುಗ್ಗುವುದರಿಂದ ಉರಿಯೂತವಾಗಿ ಜ್ವರ ಬರುತ್ತದೆ, ಬೇಧಿಯಲ್ಲಿ ರಕ್ತವೂ ಕಾಣಬಹುದು.

ಪರ್ಫ್ರಿಂಜೆನ್ಸ್ ದೊಡ್ಡ ಪಾತ್ರೆಯ ಕಾಯಿಲೆ. ದಪ್ಪನೆಯ ಸಾರನ್ನೋ ಮಾಂಸದ ಪಲ್ಯವನ್ನೋ ತುಂಬಿದ ಪಾತ್ರೆಗೆ ಮುಚ್ಚಳ ಹಾಕಿ ಬಿಟ್ಟು, ಮೂರು ಗಂಟೆಯ ಮೇಲೆ ಸೌಟನ್ನು ನಡುವಿಗೆ ಇಳಿಸಿ ನೋಡು: ಅಂಚು ತಣ್ಣಗಾಗಿದ್ದರೂ ಒಳಗಿನ್ನೂ ಉಗುರುಬೆಚ್ಚಗಿರುತ್ತದೆ. ಕುದಿಯುವಾಗ ಗಾಳಿ ಹೊರಟುಹೋಗಿರುತ್ತದೆ, ಇದಕ್ಕೆ ಬೇಕಾದದ್ದೂ ಗಾಳಿಯಿಲ್ಲದ ಜಾಗವೇ. 43ರಿಂದ 47 ಡಿಗ್ರಿಯಲ್ಲಿ ಇದು ಹತ್ತು ನಿಮಿಷಕ್ಕೇ ಇಮ್ಮಡಿಯಾಗಬಲ್ಲದು. ಪಾತ್ರೆಯನ್ನು ಹಾಗೇ ಫ್ರಿಜ್ಜಿಗೆ ತಳ್ಳಿದರೂ ನಡುಭಾಗ ಬೇಗ ತಣಿಯದು. ಅಗಲವಾದ ತಟ್ಟೆಗಳಲ್ಲಿ ಎರಡು ಇಂಚಿಗಿಂತ ಹೆಚ್ಚು ಆಳ ಬರದಂತೆ ಹರಡಿ, ಅಡುಗೆಯಾದ ಎರಡು ಗಂಟೆಯೊಳಗೆ ಫ್ರಿಜ್ಜಿಗಿಡು. ಸೆಕೆ 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಬಿಸಿಯಾಗಿಯೇ ಇಡುವುದಾದರೆ 60 ಡಿಗ್ರಿಗಿಂತ ಕೆಳಗಿಳಿಯಬಾರದು. ಫ್ರಿಜ್ಜಿನ ಒಳಗೆ 4 ಡಿಗ್ರಿ ಇದೆಯೇ ಅಂತ ಥರ್ಮಾಮೀಟರ್ ಇಟ್ಟು ನೋಡು, ಗುಂಡಿಯ ಮೇಲಿನ ಅಂಕಿ ಡಿಗ್ರಿಯ ಲೆಕ್ಕವಲ್ಲ.

ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆಯಬೇಡ, ಸಿಡಿದ ಹನಿಗಳು ಸುತ್ತಲಿನ ಪಾತ್ರೆಗೆಲ್ಲ ಹತ್ತುತ್ತವೆ. ಅದನ್ನು ಹೆಚ್ಚಿದ ಮಣೆಯಲ್ಲಿ ಸೌತೆಕಾಯಿ ಹೆಚ್ಚಬೇಡ. ಒಳಗಿನ ತಿರುಳು 74 ಡಿಗ್ರಿ ಮುಟ್ಟುವಷ್ಟು ಬೇಯಿಸು.

ಈಗ ಮುಖ್ಯವಾದದ್ದು, ಏಕೆಂದರೆ ಮನೆಯಲ್ಲಿ ಮಗುವಿದೆ. ವಾಂತಿಬೇಧಿಯಲ್ಲಿ ಜೀವ ತೆಗೆಯುವುದು ಬಹುಮಟ್ಟಿಗೆ ನೀರು, ಉಪ್ಪು ಹೊರಟುಹೋಗುವುದು. ಓಆರ್‌ಎಸ್ ಪುಡಿ ಮನೆಯಲ್ಲಿರಲಿ. ಇಲ್ಲದ ಹೊತ್ತಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಮಟ್ಟವಾಗಿ ಅರ್ಧ ಟೀ ಚಮಚ ಉಪ್ಪು. ಸಕ್ಕರೆ ರುಚಿಗಲ್ಲ: ಸಣ್ಣ ಕರುಳು ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುವಾಗ ಜೊತೆಗೆ ಸೋಡಿಯಂ ಹೋಗುತ್ತದೆ, ಅದರ ಹಿಂದೆ ನೀರು. ಸಕ್ಕರೆ ಹೆಚ್ಚಾದರೆ ಅದೇ ನೀರನ್ನು ಕರುಳಿಗೆ ಸೆಳೆದು ಬೇಧಿ ಹೆಚ್ಚಿಸುತ್ತದೆ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಪ್ರತಿ ಬೇಧಿಯ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ದೊಡ್ಡ ಮಗುವಿಗೆ 100ರಿಂದ 200 ಮಿಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಕುಡಿಸು. ಎದೆಹಾಲು ನಿಲ್ಲಿಸಬೇಡ. ಕಲಸಿದ್ದು 24 ಗಂಟೆ ಕಳೆದರೆ ಚೆಲ್ಲು.

ಜ್ವರ ಅಥವಾ ರಕ್ತ ಇದ್ದರೆ ಬೇಧಿ ನಿಲ್ಲಿಸುವ ಮಾತ್ರೆ ನುಂಗಬೇಡ, ಮಗುವಿಗಂತೂ ನೀನಾಗಿ ಕೊಡಲೇಬೇಡ. ಡಬ್ಬಿಯಲ್ಲಿ ಉಳಿದ ಹಳೆಯ ಆಂಟಿಬಯೋಟಿಕ್ಕೂ ಬೇಡ. ಇ. ಕೋಲಿ ಓ157 ಎಂಬ ಬ್ಯಾಕ್ಟೀರಿಯಾ ಆಗಿದ್ದರೆ ಅದರ ಶೀಗಾ ವಿಷ ಕೆಂಪು ರಕ್ತಕಣಗಳನ್ನು ಒಡೆದು ಮೂತ್ರಪಿಂಡ ಕೆಡಿಸಬಹುದು, ಐದು ವರ್ಷದೊಳಗಿನ ಮಕ್ಕಳಿಗೆ ಇದರ ಭಯ ಹೆಚ್ಚು. ಮೋಸವೆಂದರೆ, ಬೇಧಿ ತಗ್ಗಿ ಗುಣವಾಯಿತು ಅನ್ನುವಾಗಲೇ ಮಗು ಬಿಳಿಚಿಕೊಂಡು ಉಚ್ಚೆ ಕಡಿಮೆಯಾಗುತ್ತದೆ. ಆಗ ತಡಮಾಡದೆ ಆಸ್ಪತ್ರೆಗೆ ಹೋಗು. ಬೇಧಿಯಲ್ಲಿ ರಕ್ತ, 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಕುಡಿದದ್ದೆಲ್ಲ ವಾಂತಿ, ನಿಂತರೆ ತಲೆಸುತ್ತು, ಮೂರು ದಿನ ಕಳೆದರೂ ನಿಲ್ಲದ ಬೇಧಿ, ಇವಕ್ಕೂ ವೈದ್ಯರೇ ಬೇಕು. ಕಣ್ಣಿಗೆ ಎಲ್ಲ ಎರಡೆರಡಾಗಿ ಕಂಡು, ರೆಪ್ಪೆ ಜೋತು, ನುಂಗಲು ಕಷ್ಟವಾದರೆ ಅದು ಬಾಟ್ಯುಲಿಸಂ, ಅಂದರೆ ನರಗಳನ್ನು ಸೋಲಿಸುವ ಬ್ಯಾಕ್ಟೀರಿಯಾ ವಿಷದ ಕಾಯಿಲೆ, ಇರಬಹುದು, ಒಂದು ಗಂಟೆಯೂ ಕಾಯುವಂತಿಲ್ಲ. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು ಅನ್ನುವುದೂ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಸ್ಪೋರ್‌ಗಳ ಕಾರಣಕ್ಕೇ.

ವೈದ್ಯರ ಬಳಿ ಹೋಗುವಾಗ ಹಿಂದಿನ ಮೂರು ನಾಲ್ಕು ದಿನ ತಿಂದದ್ದು, ಶುರುವಾದ ಗಂಟೆ, ಜೊತೆಗೆ ತಿಂದು ಹುಷಾರು ತಪ್ಪಿದವರು ಯಾರು, ಎಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗು. ವಾಂತಿಬೇಧಿ ಪೂರ್ತಿ ನಿಂತ ಮೇಲೂ 48 ಗಂಟೆ ನೀನು ಅಡುಗೆಮನೆಗೆ ಹೋಗಬೇಡ. ಆ ಎರಡು ದಿನ ಸೌಟು ನಿನ್ನ ಯಜಮಾನರು ಹಿಡಿಯಲಿ, ಸಾಬೂನು ಹಚ್ಚಿ 20 ಸೆಕೆಂಡು ಕೈ ಉಜ್ಜಿಕೊಂಡ ಮೇಲೆ.

ಇಂತಿ,
ನಿನ್ನ ದೊಡ್ಡಮ್ಮ