ಕಪಲ್ ಶವರ್ ಅಂದ ಮೇಲೆ ವರನೂ ಲೆಕ್ಕಕ್ಕಿರಲಿ

ಮಾನ್ಯ ಸಂಪಾದಕರೇ,

ಮದುವೆಗೆ ಮುಂಚೆ ವಧುವಿಗೆ ಉಡುಗೊರೆ ಕೊಡಲು ಮಾಡುವ ಶವರ್ ಪಾರ್ಟಿ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬಲೂನು, ಕೇಕು, ಫೋಟೊ ತೆಗೆಯುವ ಮೂಲೆ ಎಲ್ಲದರ ಬಗ್ಗೆಯೂ ಬರೆದಿದ್ದೀರಿ. ಗಂಡಸರು ಹೆಂಗಸರು ಒಟ್ಟಿಗೆ ಸೇರುವ ಕಪಲ್ ಶವರ್‌ಗೆ ಮಾತ್ರ ಒಂದೇ ಸಾಲು, ‘ವರನ ಗೆಳೆಯರನ್ನೂ ಕರೆಯಬಹುದು’ ಅಂತ. ಸರಿ, ಕರೆದಾಯಿತು. ಬಂದವರು ಏನು ಮಾಡಬೇಕು?

ಶವರ್ ಹುಟ್ಟಿದ್ದೇ ಹೆಂಗಸರ ಕೂಟವಾಗಿ. ಅಮೆರಿಕದ ಪಟ್ಟಣಗಳಲ್ಲಿ 19ನೇ ಶತಮಾನದ ಕೊನೆಗೆ ಬೆಳೆದ ರೂಢಿ. ಹೊಸ ಸಂಸಾರಕ್ಕೆ ಬೇಕಾದ ಸಾಮಾನನ್ನು ಗೆಳತಿಯರು ಸೇರಿ ಮದುಮಗಳಿಗೆ ಕೊಡುತ್ತಿದ್ದರು. 1924ರಲ್ಲಿ ಶಿಕಾಗೊದ ಮಾರ್ಷಲ್ ಫೀಲ್ಡ್ಸ್ ಅಂಗಡಿ ಬೇಕಾದ ಉಡುಗೊರೆಗಳ ಪಟ್ಟಿಯನ್ನು ಮೊದಲೇ ಬರೆದಿಡುವ ಏರ್ಪಾಡು ತಂದಾಗಲೂ ಅದು ಮದುಮಗಳ ಪಟ್ಟಿಯೇ. ಈಗ ಎಷ್ಟೋ ಜೋಡಿಗಳು ಮನೆ ಸಾಮಾನನ್ನು ಇಬ್ಬರೂ ಸೇರಿಯೇ ಆರಿಸುತ್ತಾರೆ, ಅಡುಗೆಯನ್ನೂ ಇಬ್ಬರೂ ಮಾಡುತ್ತಾರೆ. ಆದರೂ ಪಾರ್ಟಿ ಮಾತ್ರ ಹಳೇದೇ, ಅದಕ್ಕೆ ನಾಲ್ಕು ಜನ ಗಂಡಸರನ್ನು ಸೇರಿಸಿ ಹೆಸರು ಬದಲಾಯಿಸಿದ್ದು ಅಷ್ಟೇ.

ಇಂಥ ಪಾರ್ಟಿಗಳಲ್ಲಿ ನಾನು ನೋಡಿರುವುದು ಹೀಗೆ. ವಧು ನಡುವೆ ಕುರ್ಚಿಯಲ್ಲಿ ಕೂತು ಒಂದೊಂದೇ ಪೊಟ್ಟಣ ಬಿಚ್ಚುತ್ತಾಳೆ. ಪಕ್ಕದಲ್ಲೊಬ್ಬಳು ಯಾರು ಏನು ಕೊಟ್ಟರು ಅಂತ ಬರೆದುಕೊಳ್ಳುತ್ತಾಳೆ, ಇನ್ನೊಬ್ಬಳು ಬಿಚ್ಚಿದ ರಿಬ್ಬನ್‌ಗಳನ್ನೆಲ್ಲ ಕಾಗದದ ತಟ್ಟೆಗೆ ಪೋಣಿಸಿ ಹೂಗುಚ್ಛ ಮಾಡುತ್ತಾಳೆ, ಮದುವೆಯ ರಿಹರ್ಸಲ್ ದಿನ ವಧು ಕೈಯಲ್ಲಿ ಹಿಡಿಯಲಿ ಅಂತ. ವರ? ಕುರ್ಚಿಯ ಹಿಂದೆ ನಿಂತು ಖಾಲಿ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸುತ್ತಿರುತ್ತಾನೆ. ಅವನ ಗೆಳೆಯರು ಬಾಗಿಲ ಹತ್ತಿರ ಮೊಬೈಲ್ ನೋಡಿಕೊಂಡು ಹೊತ್ತು ತಳ್ಳುತ್ತಿರುತ್ತಾರೆ. ಅವರದ್ದೇನು ತಪ್ಪು ಹೇಳಿ.

ಅದಕ್ಕೇ, ಪಾರ್ಟಿ ಹಮ್ಮಿಕೊಳ್ಳುವವರು ಮೊದಲು ಇಬ್ಬರನ್ನೂ ಕೂರಿಸಿಕೊಂಡು ಕೇಳಬೇಕು, ನಿಜವಾಗಿ ಒಟ್ಟಿಗೇ ಬೇಕಾ ಅಂತ. ಕೆಲವು ಹುಡುಗಿಯರಿಗೆ ಗೆಳತಿಯರ ಜೊತೆಗಷ್ಟೇ ಒಂದು ಸಂಜೆ ಬೇಕಿರುತ್ತೆ, ಅದೂ ತಪ್ಪಲ್ಲ. ಒಟ್ಟಿಗೇ ಅಂದರೆ, ಏರ್ಪಾಡು ಮಾಡುವವರಲ್ಲಿ ವರನ ಕಡೆಯವರು ಒಬ್ಬರಾದರೂ ಇರಲಿ. ಆಗ ಖರ್ಚೂ ಹಂಚಿಹೋಗುತ್ತೆ, ವಧುವಿನ ಗೆಳತಿಯೊಬ್ಬಳ ತಲೆಗೇ ಎಲ್ಲಾ ಬರಲ್ಲ. ಮನೆಯವರೇ ನಡೆಸಿದರೆ ಉಡುಗೊರೆ ಕೇಳಿದ ಹಾಗಾಗುತ್ತೆ ಅಂತ ಹಿಂದೆಲ್ಲ ಹಿಂಜರಿಯುತ್ತಿದ್ದರು, ಈಗ ಅಷ್ಟಿಲ್ಲ.

ಕರೆಯುವವರ ಪಟ್ಟಿ ಮಾತ್ರ ಹುಷಾರು. ಎರಡೂ ಕಡೆ ಸೇರಿದರೆ ಸಂಖ್ಯೆ ನೋಡನೋಡುತ್ತಲೇ ದುಪ್ಪಟ್ಟಾಗುತ್ತೆ. ಮದುವೆಗೆ ಕರೆಯದವರನ್ನು ಶವರ್‌ಗೆ ಕರೆಯಬಾರದು ಅನ್ನುವುದು ಹಳೇ ನಿಯಮ, ಈಗಲೂ ಸರಿಯಾದದ್ದೇ. ಉಡುಗೊರೆಗೆ ಬೇಕು, ಊಟಕ್ಕೆ ಬೇಡ ಅಂದ ಹಾಗಾಗಬಾರದು ಅಲ್ವಾ? ಅಂದಹಾಗೆ, ಕೆನಡಾದ ಒಂಟಾರಿಯೊದಲ್ಲಿ ‘ಸ್ಟ್ಯಾಗ್ ಅಂಡ್ ಡೋ’ ಅಂತ ಟಿಕೆಟ್ ಮಾರಿ ಮದುವೆ ಖರ್ಚಿಗೆ ದುಡ್ಡು ಸೇರಿಸುವ ಪಾರ್ಟಿ ಇದೆ. ಅದು ಬೇರೆ, ಇದು ಬೇರೆ. ಎರಡನ್ನೂ ಬೆರೆಸಬೇಡಿ.

ಉಡುಗೊರೆ ಪಟ್ಟಿಯಲ್ಲಿ ಇಬ್ಬರಿಗೂ ಬೇಕಾದದ್ದು ಇರಲಿ. ಹಾಗಂತ ವರನಿಗೆ ಡ್ರಿಲ್ ಮಷಿನ್, ವಧುವಿಗೆ ಬಾಣಲೆ ಅಂತ ಹಂಚಿಬಿಟ್ಟರೆ ಬಂದ ಭಾಗ್ಯ ಏನು? ಪೊಟ್ಟಣ ಬಿಚ್ಚುವುದನ್ನು ಅರ್ಧ ಗಂಟೆಯಲ್ಲಿ ಮುಗಿಸಿ, ಜಾಸ್ತಿ ಇದ್ದರೆ ಉಳಿದದ್ದನ್ನು ಮನೆಗೆ ಹೋಗಿ ಬಿಚ್ಚಲಿ. ಆಟ ಒಂದೋ ಎರಡೋ ಸಾಕು. ಟಾಯ್ಲೆಟ್ ಪೇಪರ್ ಸುತ್ತಿ ಮದುವೆ ಗೌನ್ ಮಾಡುವ ಆಟವನ್ನು ದಯವಿಟ್ಟು ಬಿಡಿ. ಜೋಡಿಯನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸಿ, ಇಬ್ಬರ ಕೈಗೂ ತಮ್ಮದೊಂದು ಶೂ, ಇನ್ನೊಬ್ಬರದೊಂದು ಶೂ ಕೊಟ್ಟು, ‘ಜಗಳ ಆದರೆ ಮೊದಲು ಮಾತಾಡಿಸುವವರು ಯಾರು?’ ಅಂತ ಕೇಳಿ ನೋಡಿ. ಉತ್ತರವಾಗಿ ಯಾರ ಶೂ ಮೇಲೇಳುತ್ತೆ ಅಂತ ನೋಡಲು ಬಾಗಿಲ ಹತ್ತಿರ ನಿಂತವರೂ ಒಳಗೆ ಬರುತ್ತಾರೆ.

ಇನ್ನೊಂದು. ಪಾರ್ಟಿ ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ ಕಾರ್ಡ್ ಬರೆಯುವ ಕೆಲಸವೂ ವಧುವಿನ ಪಾಲಿಗೇ ಬೀಳುತ್ತೆ. ವರನ ಗೆಳೆಯರಿಗೆ ವರನೇ ಬರೆಯಲಿ. ಮುಂದಿನ ಸಲ ನಿಮ್ಮ ಪುರವಣಿಯಲ್ಲಿ ಇದನ್ನೂ ಹಾಕಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು