ಆಸ್ಪತ್ರೆಯ ಲೆಕ್ಕದಲ್ಲಿ ಗುಣವಾದವರ ಸಂಖ್ಯೆಯೂ ಇರಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ಆಸ್ಪತ್ರೆಯೊಂದು ವರ್ಷದಲ್ಲಿ ಎಷ್ಟು ಕೆಲಸ ಮಾಡಿತು ಎಂದು ಕೇಳಿದರೆ ಸಿಗುವ ಉತ್ತರ ಹೊರರೋಗಿಗಳು, ಒಳರೋಗಿಗಳು, ಹೆರಿಗೆಗಳು, ಶಸ್ತ್ರಚಿಕಿತ್ಸೆಗಳು ಇಷ್ಟಿಷ್ಟು ಎಂಬುದು. ಈ ಎಣಿಕೆ ಬೇಕೇ ಬೇಕು. ಆದರೆ ಇದನ್ನೇ ಸಾಧನೆಯೆಂದು ಭಾವಿಸುವುದು ಅಪಾಯಕಾರಿ. ರೋಗ ಪತ್ತೆಯಾಗದೆ ಮೂರು ಸಲ ಚೀಟಿ ಮಾಡಿಸಿದವರು ಈ ಲೆಕ್ಕದಲ್ಲಿ ಮೂರು ಹೊರರೋಗಿಗಳಾಗುತ್ತಾರೆ. ಹೊಲಿಗೆ ಕೀವಾಗಿ ಮರಳಿ ಬಂದ ಬಾಣಂತಿ ಇನ್ನೊಬ್ಬ ಒಳರೋಗಿಯಾಗುತ್ತಾಳೆ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣನ್ನು ಆರಂಭದಲ್ಲೇ ಗುರುತಿಸಿ ಕಾಲು ಉಳಿಸಿದ ಪ್ರಾಥಮಿಕ ಆರೋಗ್ಯ ಕೇಂದ್ರದ ಶ್ರಮವಾದರೋ ಜಿಲ್ಲಾಸ್ಪತ್ರೆಯ ಶಸ್ತ್ರಚಿಕಿತ್ಸೆಗಳ ಸಂಖ್ಯೆಯನ್ನು ತಗ್ಗಿಸುತ್ತದೆ, ಅಷ್ಟೇ.

ಮಾರುಕಟ್ಟೆ ಬೆಲೆಯಿಲ್ಲದ ಸೇವೆಯಾದ್ದರಿಂದ ಸರ್ಕಾರಿ ಆಸ್ಪತ್ರೆಯ ಉತ್ಪನ್ನವನ್ನು, ಅಂದರೆ ಅದು ನೀಡಿದ ಸೇವೆಯ ಮೌಲ್ಯವನ್ನು, ಸಂಬಳ, ಔಷಧ, ಕಟ್ಟಡ-ಉಪಕರಣಗಳ ಸವಕಳಿಗಳ ವೆಚ್ಚದಿಂದಲೇ ಅಳೆಯುವ ವಾಡಿಕೆ ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿದೆ. ಬ್ರಿಟನ್ 1998ರಲ್ಲಿ ಈ ದಾರಿ ಬಿಟ್ಟು ಚಿಕಿತ್ಸೆಗಳನ್ನು ನೇರವಾಗಿ ಎಣಿಸತೊಡಗಿತು. ಅದೂ ಸಾಲದು, ಸೇವೆಯ ಗುಣಮಟ್ಟದಲ್ಲಾದ ಬದಲಾವಣೆಯೂ ಲೆಕ್ಕಕ್ಕೆ ಬರಬೇಕು ಎಂದು ಅರ್ಥಶಾಸ್ತ್ರಜ್ಞ ಟೋನಿ ಅಟ್ಕಿನ್ಸನ್ ಅವರ ವರದಿ 2005ರಲ್ಲಿ ಹೇಳಿತು.

ಇದು ನಮ್ಮಿಂದಾಗದ ಕೆಲಸವಲ್ಲ. ರೋಗಿ ಗುಣವಾದರೇ, ಚಿಕಿತ್ಸೆ ಪೂರೈಸಿದರೇ, ನಡುವೆ ಬಿಟ್ಟರೇ, ತೀರಿಕೊಂಡರೇ ಎಂಬುದನ್ನು ನಮ್ಮ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮ ದಶಕಗಳಿಂದ ದಾಖಲಿಸುತ್ತಿದೆ. ದೂರದ ಉಪಕೇಂದ್ರಗಳ ಸಿಬ್ಬಂದಿಯೂ ಅದನ್ನು ಮಾಡಿ ತೋರಿಸಿದ್ದಾರೆ. ಅದೇ ಕ್ರಮ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಏಕೆ ಬೇಡ? ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಷ್ಟು ಹಳೆಯದು. ಆದರೂ ಜನರಿಗೆ ತಿಳಿಸುವುದು ಗುರಿ ಎಷ್ಟು, ಮುಟ್ಟಿದ್ದು ಎಷ್ಟು ಎಂಬುದನ್ನೇ. ಆರು ವಾರಗಳ ನಂತರ ಅಕ್ಷರ ಫಲಕದ ಮುಂದೆ ನಿಲ್ಲಿಸಿ ನೋಡಿದಾಗ ಎಷ್ಟು ಮಂದಿಗೆ 6/18 (ಸಹಜ ದೃಷ್ಟಿಯವರು 18 ಮೀಟರ್ ದೂರದಿಂದ ಓದುವ ಅಕ್ಷರವನ್ನು 6 ಮೀಟರ್ ದೂರದಿಂದ ಓದಬಲ್ಲಷ್ಟು ದೃಷ್ಟಿ) ಅಥವಾ ಅದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು ಎಂಬುದೇ ನಿಜವಾದ ಉತ್ಪನ್ನ.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಸುತ್ತಲಿನ ತಾಲ್ಲೂಕುಗಳಿಂದ ಕೊನೆಯ ಗಳಿಗೆಯಲ್ಲಿ ಕಳುಹಿಸಿದ ರೋಗಿಗಳನ್ನು ಸೇರಿಸಿಕೊಳ್ಳುವ ದೊಡ್ಡ ಆಸ್ಪತ್ರೆಯಲ್ಲಿ ಸಾವು ಹೆಚ್ಚಿರುವುದು ಸಹಜ. ರೋಗದ ತೀವ್ರತೆ, ವಯಸ್ಸುಗಳನ್ನು ಪರಿಗಣಿಸದೆ ಬರಿಯ ಅಂಕಿಗಳಿಂದ ವೈದ್ಯರನ್ನು ಶಿಕ್ಷಿಸಹೊರಟರೆ ಕಷ್ಟದ ರೋಗಿಗಳನ್ನು ಬೇರೆಡೆಗೆ ರೆಫರ್ ಮಾಡಿ ಸಾಗಹಾಕುವ ಪ್ರವೃತ್ತಿಯೇ ಬೆಳೆದೀತು.

ಆದ್ದರಿಂದ ಆರೋಗ್ಯ ಇಲಾಖೆಯು ಮೊದಲ ಹೆಜ್ಜೆಯಾಗಿ, ಪೊರೆ ಚಿಕಿತ್ಸೆಯ ನಂತರದ ದೃಷ್ಟಿಯ ವಿವರವನ್ನೂ, ಬಿಡುಗಡೆಯಾದ 30 ದಿನಗಳೊಳಗೆ ಮತ್ತೆ ದಾಖಲಾದವರ ಸಂಖ್ಯೆಯನ್ನೂ ಜಿಲ್ಲಾವಾರು ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಹಿರಿಯ ಆರೋಗ್ಯ ಸಹಾಯಕ, ಹಾವೇರಿ