ಸ್ಕೋಪ್ ಕೊಳ್ಳುವ ಮೊದಲು, ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಪುಷ್ಯ ಮಳೆ ಮೂರು ದಿನದಿಂದ ಒಂದೇ ಸಮ ಹೊಡೆಯುತ್ತಿದೆ. ಅಡಿಕೆಗೆ ಎರಡನೇ ಸಲದ ಕೊಳೆ ಔಷಧಿ ಹೊಡೆಸುವುದು ಬಾಕಿ, ಮರ ಹತ್ತುವ ಹಾಗಿಲ್ಲ. ಕರೆಂಟೂ ಇಲ್ಲ, ಟವರೂ ಇಲ್ಲ. ಅದಕ್ಕೇ ಈ ಕಾಗದ.

ನೀನು ಕಳಿಸಿದ ರೈಫಲ್ ಸ್ಕೋಪಿನ ಫೋಟೋ ಮೊನ್ನೆ ತೀರ್ಥಹಳ್ಳಿ ಪೇಟೆಗೆ ಹೋದಾಗ ಬಂತು. 6-24×50, ಅಂದರೆ 6ರಿಂದ 24 ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದೆ 50 ಮಿ.ಮೀ. ಗಾಜಿನದು. ಬೋನಸ್ ಬಂದ ವಾರವೇ ಅದಕ್ಕೆ ಕಣ್ಣು ಹಾಕಿದ್ದೀಯ, ಪರವಾಗಿಲ್ಲ. ಆದರೆ ಒಂದು ಮಾತು. 10 ಮೀಟರ್ ಏರ್ ರೈಫಲ್ ಆಟಕ್ಕೆ ಅಂತ ತಗೊಳ್ಳುವುದಾದರೆ ಬೇಡವೇ ಬೇಡ. ಅಲ್ಲಿ ಸ್ಕೋಪ್ ಹಾಕಲು ನಿಯಮವೇ ಬಿಡುವುದಿಲ್ಲ, ಸಣ್ಣ ತೂತಿನಲ್ಲಿ ನೋಡಿ ಗುರಿ ಇಡುವ ಪೀಪ್ ಸೈಟ್ ಮಾತ್ರ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಹೊಡೆದದ್ದು ಸ್ಕೋಪ್ ಇಲ್ಲದೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆಗೆ 50 ಮೀಟರಿನಲ್ಲಿ ಕಂಚು ಬಂದದ್ದೂ ಹಾಗೇ. 10 ಮೀಟರಿನಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್ ಅಗಲ, ನೆನಪಿರಲಿ. ಮೇಜಿನ ಮೇಲೆ ರೈಫಲ್ ಇಟ್ಟು 25 ಮೀಟರಿಗೆ ಹೊಡೆಯುವ ಬೆಂಚ್‌ರೆಸ್ಟ್‌ಗೆ ಅನ್ನುವುದಾದರೆ ಮುಂದೆ ಓದು.

ನನಗೆ ಕೋವಿ ಅಂದರೆ ಅಜ್ಜನ ಕಾಲದ್ದು, ಗೋಡೆಗೆ ನೇತು ಹಾಕಿದ್ದು, ಅಷ್ಟೇ. ಆದರೆ ಗಾಜು ಮತ್ತು ಗೆರೆಯ ಜೊತೆ ಮೂವತ್ತು ವರ್ಷ ಕಳೆದವನು ನಾನು. ಸ್ಕೋಪ್ ಅಂದರೆ ಸರ್ವೆಯವರ ದುರ್ಬೀನಿನ ತಮ್ಮ. ಕೋನ ಅಳೆಯುವ ನನ್ನ ಹಳೆಯ ಥಿಯೋಡೊಲೈಟ್ ಓದುತ್ತಿದ್ದ ಅತಿ ಚಿಕ್ಕ ಕೋನ 20 ಸೆಕೆಂಡು; ಒಂದು ಡಿಗ್ರಿಗೆ 60 ಮಿನಿಟು, ಒಂದು ಮಿನಿಟಿಗೆ 60 ಸೆಕೆಂಡು. ನಿನ್ನ ಸ್ಕೋಪಿನ ತಿರುಪು ಒಂದು ಸಲ ಟಿಕ್ ಅಂದರೆ ಕಾಲು ಎಂಒಎ (ಮಿನಿಟ್ ಆಫ್ ಆಂಗಲ್, ಕೋನದ ಮಿನಿಟು), ಅಂದರೆ 15 ಸೆಕೆಂಡು. ಅದು 25 ಮೀಟರಿನಲ್ಲಿ ಎರಡು ಮಿಲಿಮೀಟರಿಗೂ ಒಂಚೂರು ಕಡಿಮೆ. ನಿನಗೆ ಇನ್ನೂ ನಯವಾಗಿ ಬೇಕಾದರೆ 1/8ರದ್ದು ಸಿಗುತ್ತದೆ. ಅವಸರ ಇಲ್ಲ.

ನೀನು ಕೇಳಿದ್ದು 24 ಪಟ್ಟು ಸಾಕಾ ಅಂತ. ನಾನಾದರೆ ಅದನ್ನು ಕೊನೆಗೆ ಕೇಳುತ್ತಿದ್ದೆ. 50 ಮಿ.ಮೀ. ಗಾಜನ್ನು 24ರಿಂದ ಭಾಗಿಸು, ಎರಡು ಮಿಲಿಮೀಟರ್ ಬಂತು. ಕಣ್ಣಿಗೆ ಬರುವ ಬೆಳಕಿನ ದಪ್ಪ ಅಷ್ಟೇ. ನಮ್ಮ ಊರಿನ ಮೋಡದ ಮಧ್ಯಾಹ್ನದಲ್ಲಿ ಚಿತ್ರ ಮಂಕು. 12ಕ್ಕೆ ಇಳಿಸಿದರೆ ನಾಲ್ಕು ಮಿಲಿಮೀಟರ್, ಕಣ್ಣಿಗೆ ಹಾಯ್ ಅನ್ನಿಸುತ್ತದೆ. ಬಿಸಿಲಿಗೆ ಹೊಡೆಯುವಾಗ ಜಾಸ್ತಿ ಪಟ್ಟು ಹಾಕಿದರೆ ನೆಲದ ಸೆಕೆ ಕೂಡ ನೀರಿನ ಹಾಗೆ ಕುಲುಕುತ್ತದೆ.

ಮೊದಲು ಕೇಳಬೇಕಾದ್ದು ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಗೆರೆಯೂ ಗುರಿಯ ಮೇಲೆ ಸರಿದ ಹಾಗೆ ಕಾಣುವ ದೋಷ. ಇದನ್ನು ಕಲಿಯಲು ನಾನು ಒಂದು ದಿನದ ಕೂಲಿ ಕೊಟ್ಟಿದ್ದೇನೆ. ಘಾಟಿ ರಸ್ತೆಯ ಲೆವೆಲ್ ತೆಗೆಯುವಾಗ, ಹಿಂದಿನವನು ತನ್ನ ಕಣ್ಣಿಗೆ ಹೊಂದಿಸಿದ್ದ ಮಸೂರವನ್ನು ಹಾಗೇ ಬಿಟ್ಟು ದಿನವಿಡೀ ಓದಿದೆ. ಸಾಯಂಕಾಲ ಹೊರಟ ಕಲ್ಲಿಗೇ ಮರಳಿ ಬಂದು ನೋಡಿದರೆ ಎರಡು ಅಂಗುಲ ವ್ಯತ್ಯಾಸ! ಅಳತೆ ಕೋಲು ಹಿಡಿದ ಹುಡುಗನ ಮೇಲೆ ರೇಗಿದೆ. ತಪ್ಪು ನನ್ನದೇ.

ಪರೀಕ್ಷೆ ಹೀಗೆ ಮಾಡು. ರೈಫಲನ್ನು ಮರಳು ಚೀಲದ ಮೇಲೆ ಅಲ್ಲಾಡದ ಹಾಗೆ ಇಡು. ಮೊದಲು ಸ್ಕೋಪನ್ನು ಬಿಳಿ ಗೋಡೆಗೆ ಹಿಡಿದು ಕಣ್ಣಿನ ಕಡೆಯ ಬಳೆ ತಿರುಗಿಸಿ ಗೆರೆಗಳನ್ನು ಚೊಕ್ಕ ಮಾಡಿಕೊ. ಸೂರ್ಯನ ಕಡೆ ಮಾತ್ರ ಹಿಡಿಯಬೇಡ ಮಾರಾಯ್ತಿ. ಆಮೇಲೆ ಗುರಿಯ ಚುಕ್ಕಿ ನೋಡುತ್ತಾ ಕೈ ಮುಟ್ಟಿಸದೆ ತಲೆಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಸರಿಸು. ಗೆರೆ ಚುಕ್ಕಿಯ ಮೇಲೆ ಜಾರಿದರೆ ಪ್ಯಾರಲಾಕ್ಸ್ ಇದೆ. ಪಕ್ಕದ ಗುಂಡಿ ತಿರುಗಿಸುತ್ತಾ ಹೋಗು, ಗೆರೆ ಚುಕ್ಕಿಗೆ ಅಂಟಿಕೊಂಡು ನಿಲ್ಲುವವರೆಗೆ. ಗುಂಡಿಯ ಮೇಲೆ ಬರೆದ ಅಂಕಿ ನಂಬಬೇಡ, ತಲೆ ಅಲ್ಲಾಡಿಸಿಯೇ ನೋಡು. ಗುಂಡಿಯೇ ಇಲ್ಲದ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜದ ಆಸುಪಾಸಿಗೆ ಹೊಂದಿಸಿಟ್ಟಿರುತ್ತಾರೆ. ಅಂಥದ್ದು 25 ಮೀಟರಿಗೆ ಸುಮ್ನೆ ದಂಡ.

ನಿನ್ನದು ಸ್ಪ್ರಿಂಗ್ ರೈಫಲ್ ಅಲ್ವಾ? ಅದು ಹಿಂದಕ್ಕೆ ಒದ್ದು ಮುಂದಕ್ಕೂ ಒದೆಯುತ್ತದೆ. ದೊಡ್ಡ ಬಂದೂಕಿನ ಒದೆ ತಡೆದ ಸ್ಕೋಪೂ ಈ ಎರಡನೇ ಒದೆಗೆ ಕೆಡಬಹುದು. ಏರ್‌ಗನ್‌ಗೆ ಆಗುತ್ತದಾ ಅಂತ ಬಾಯಿ ಬಿಟ್ಟು ಕೇಳು. ಗೆರೆ ಜಾಸ್ತಿ ಇರುವ ಜಾಲರಿ ಬೇಡ, ತೆಳು ಕೂಡುಗೆರೆ ಸಾಕು.

ಇನ್ನು ಬೂಷ್ಟು. ಇದನ್ನು ಬೆಂಗಳೂರಿನ ಅಂಗಡಿಯವರು ಹೇಳುವುದಿಲ್ಲ. ನನ್ನ ಬೈನಾಕ್ಯುಲರನ್ನು ಚರ್ಮದ ಚೀಲದಲ್ಲೇ ಒಂದು ಮಳೆಗಾಲ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟೆ. ದೀಪಾವಳಿಗೆ ತೆಗೆದು ನೋಡಿದರೆ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆ. ಒರೆಸಲೂ ಆಗುವುದಿಲ್ಲ, ಅದು ಒಳಗಿನದು. ಒಳಗೆ ಸಾರಜನಕ ತುಂಬಿ ಸೀಲ್ ಮಾಡಿದ ಸ್ಕೋಪನ್ನೇ ತಗೋ. ಚೀಲದಿಂದ ಹೊರಗೆ ತೆಗೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೀಲಿ ಸಿಲಿಕಾ ಹರಳಿನ ಜೊತೆ ಇಡು. ಹರಳು ಗುಲಾಬಿಯಾದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡು, ಮತ್ತೆ ನೀಲಿಯಾಗುತ್ತದೆ. ದೊಡ್ಡಮ್ಮನ ಬಾಣಲೆ ಮುಟ್ಟಿದರೆ ನಾನು ಜವಾಬ್ದಾರನಲ್ಲ.

ಕೊಳ್ಳುವಾಗ ವಾಪಸ್ ಮಾಡಲು ಎಷ್ಟು ದಿನ ಕೊಡುತ್ತಾರೆ ಅಂತ ನೋಡಿಕೊ, ಚೌತಿಗೆ ಬರುವಾಗ ಜೊತೆಗೇ ತಾ. ಹಿತ್ತಲ ಧರೆಗೆ ಹಲಗೆ ನಿಲ್ಲಿಸಿ, ಟೇಪ್ ಹಿಡಿದು 25 ಮೀಟರಿಗೆ ಗೂಟ ಹೊಡೆದಿಡುತ್ತೇನೆ. ತೂಗುಗುಂಡಿನ ದಾರಕ್ಕೆ ಸ್ಕೋಪಿನ ನಿಂತ ಗೆರೆ ಹೊಂದಿಸಿ ಕೂರಿಸೋಣ. ಆಮೇಲೆ ಮೂರು ಪೆಲೆಟ್ ಹೊಡೆದು, ತಿರುಪು 20 ಟಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ, ಒಂದೊಂದು ಮೂಲೆಗೂ ಮೂರು ಮೂರು ಪೆಲೆಟ್. ಗುರಿ ಇಡುವುದು ಮಾತ್ರ ಪ್ರತಿ ಸಲ ಅದೇ ಚುಕ್ಕಿಗೆ. ಕೊನೆಯ ಮೂರು ಮೊದಲಿನ ತೂತಿಗೇ ಬಂದು, ಚೌಕದ ಬದಿ 36 ಮಿಲಿಮೀಟರ್ ಇದ್ದರೆ ಇಟ್ಟುಕೊ. ಇಲ್ಲದಿದ್ದರೆ ವಾಪಸ್ ಕಳಿಸು. ಅಳೆಯಲು ನನ್ನ ಸ್ಟೀಲ್ ಸ್ಕೇಲು ಇನ್ನೂ ಇದೆ. ಆ ಹೊತ್ತಿಗೆ ದನಗಳನ್ನು ಕೊಟ್ಟಿಗೆಯಲ್ಲೇ ಕಟ್ಟಲು ದೊಡ್ಡಮ್ಮನಿಗೆ ಹೇಳಿದ್ದೇನೆ. ನಿನ್ನಪ್ಪನನ್ನೂ ಕಟ್ಟಿ ಹಾಕಬೇಕು, ಧರೆಯ ಮೇಲೆ ಹೂ ಕೊಯ್ಯಲು ಹೋಗುವ ಅಭ್ಯಾಸ ಅವನದು.

ಇಂತಿ,
ದೊಡ್ಡಪ್ಪ